‘ಆಗುವಾಗ’ಕ್ಕೂ ‘ಆದಾಗ’ಕ್ಕೂ ಒಂದೇ ‘ವೆನ್’

ನಾನು ಬೆಂಗಳೂರಿನಲ್ಲಿ ಅಪ್ಲಿಕೇಶನ್ ಸಪೋರ್ಟ್ ಕೆಲಸ ಮಾಡುತ್ತೇನೆ. ಹೆಸರಿಗೆ ಸಾಫ್ಟ್‌ವೇರ್ ಕೆಲಸ. ದಿನದಲ್ಲಿ ಅರ್ಧ ಹೊತ್ತು ಸರ್ವರ್ ನೋಡಿಕೊಳ್ಳುವುದು, ಇನ್ನರ್ಧ ಹೊತ್ತು ಮೇಲ್ ಬರೆಯುವುದು. ಸಂಜೆ 6ಕ್ಕೆ ನಮ್ಮ ಶಿಫ್ಟ್ ಮುಗಿಯುತ್ತದೆ. ಆಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗ್ಗೆ 8:30, ಚಳಿಗಾಲವಾದರೆ 7:30. ಅಲ್ಲಿನ ಟೀಮಿನವರು ಬಂದು ಕೂರುವಷ್ಟರಲ್ಲಿ ನಮ್ಮ ಹ್ಯಾಂಡೋವರ್ ಮೇಲ್ ಹೋಗಿರಬೇಕು. ಏನು ಮುಗಿದಿದೆ, ಏನು ಬಾಕಿ, ಯಾವುದಾದ ಮೇಲೆ ಯಾವುದನ್ನು ಮಾಡಬೇಕು. ಅದರಲ್ಲಿ ಇರುವುದು ಇಷ್ಟೇ.

ಸೇರಿದ ಮೊದಲ ವರ್ಷ ಅಂಥದ್ದೇ ಒಂದು ಮೇಲಿನಲ್ಲಿ ಹೀಗೆ ಬರೆದೆ: ‘ವೆನ್ ದಿ ಬ್ಯಾಕಪ್ ರನ್ಸ್, ಪ್ಲೀಸ್ ರೀಸ್ಟಾರ್ಟ್ ದಿ ಸರ್ವಿಸ್.’ ನನ್ನ ತಲೆಯಲ್ಲಿ ಇದ್ದದ್ದು ‘ಬ್ಯಾಕಪ್ ಆದಾಗ ರೀಸ್ಟಾರ್ಟ್ ಮಾಡಿ’ ಅಂತ. ಆ ಕಡೆಯವರು ಓದಿದ್ದು ‘ಬ್ಯಾಕಪ್ ಆಗುವಾಗ’ ಅಂತ. ಬ್ಯಾಕಪ್ ನಡೆಯುತ್ತಿರುವಾಗಲೇ ಸರ್ವಿಸ್ ನಿಲ್ಲಿಸಿ ಮತ್ತೆ ಶುರು ಮಾಡಿದರು. ಬ್ಯಾಕಪ್ ಅರ್ಧಕ್ಕೇ ನಿಂತುಹೋಯಿತು. ನಾನು ಮನೆ ತಲುಪಿ ಚಪ್ಪಲಿ ಬಿಡುತ್ತಿದ್ದೆ, ಫೋನ್ ಬಂತು. ಅವತ್ತು ರಾತ್ರಿ ಎರಡು ಗಂಟೆವರೆಗೆ ಕಾಲ್‌ನಲ್ಲಿ ಕೂತಿದ್ದೆ.

ಮರುದಿನ ಮ್ಯಾನೇಜರ್ ಮೇಡಂ ಕರೆದರು. ಬೈಯಲಿಲ್ಲ. ಮೇಲ್ ತೆರೆದು ಆ ಒಂದು ಸಾಲನ್ನು ತೋರಿಸಿದರು. “ಇದರಲ್ಲಿ ಬ್ಯಾಕಪ್ ಮುಗಿದ ಮೇಲೆ ಅಂತ ಎಲ್ಲಿದೆ, ತೋರಿಸಿ” ಅಂದರು. ನಾನು ‘ವೆನ್’ ಮೇಲೆ ಬೆರಳಿಟ್ಟೆ. “ಅದು ವೆನ್ ಅಷ್ಟೇ. ಮುಗಿದಿದೆಯೋ ನಡೀತಾ ಇದೆಯೋ ಅಂತ ಅದು ಹೇಳಲ್ಲ. ಅದನ್ನ ಹೇಳಬೇಕಾದದ್ದು ಪಕ್ಕದ ಕ್ರಿಯಾಪದ” ಅಂದರು.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ದಿನ ಬೇಕಾಯಿತು. ಕನ್ನಡದಲ್ಲಿ ಈ ಕೆಲಸವೆಲ್ಲ ಕ್ರಿಯಾಪದದ ಒಳಗೇ ಆಗಿಬಿಡುತ್ತದೆ. ಆಗುವಾಗ, ಆದಾಗ, ಆಗುತ್ತಿದ್ದಂತೆ, ಆದ ಮೇಲೆ, ಆಗುವವರೆಗೆ, ಆಗುವಷ್ಟರಲ್ಲಿ. ಒಂದೇ ‘ಆಗು’, ಬಾಲ ಮಾತ್ರ ಬೇರೆ ಬೇರೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲ. ಹೊರಗೆ ಒಂದು ‘ವೆನ್’ ನಿಲ್ಲಿಸುತ್ತಾರೆ. ಅದು ಪಕ್ಕದವರನ್ನು ನೋಡಿ ಬಣ್ಣ ಬದಲಿಸುತ್ತದೆ. ರನ್, ವರ್ಕ್, ಸ್ಲೀಪ್, ವೇಯ್ಟ್ ಇವೆಲ್ಲ ಹೊತ್ತು ಹಿಡಿಯುವ ಕೆಲಸಗಳು. ಇವುಗಳ ಜೊತೆ ವೆನ್ ಬಂದರೆ ‘ಆಗುವಾಗ’ ಅನ್ನುವ ಅರ್ಥ ಬರುತ್ತದೆ. ಫಿನಿಶ್, ಸ್ಟಾಪ್, ಅರೈವ್, ಗೆಟ್ ಇವು ಟಕ್ಕಂತ ಮುಗಿಯುವಂಥವು. ಇವುಗಳ ಜೊತೆ ಬಂದರೆ ‘ಆದಾಗ’. ‘ವೆನ್ ಐ ಸ್ಲೀಪ್’ ಅಂದರೆ ಮಲಗಿರುವಾಗ. ‘ವೆನ್ ಐ ವೇಕ್ ಅಪ್’ ಅಂದರೆ ಎದ್ದ ಮೇಲೆ. ವೆನ್ ಅದೇ ವೆನ್, ಅಲ್ವಾ?

ನಾನು ‘ರನ್ಸ್’ ತೆಗೆದು ‘ಫಿನಿಶಸ್’ ಅಂತ ಹಾಕಿದ್ದರೆ ಅವತ್ತು ಊಟ ಮಾಡಿ ಹತ್ತು ಗಂಟೆಗೆ ಮಲಗಬಹುದಿತ್ತು. ಈಗ ಇಂಥ ಕಡೆ ವೆನ್ ಬಳಸುವುದನ್ನೇ ಬಿಟ್ಟಿದ್ದೇನೆ. ಮುಗಿದ ಮೇಲೆ ಅನ್ನುವುದಕ್ಕೆ ‘ಒನ್ಸ್’ ಅಥವಾ ‘ಆಫ್ಟರ್’, ನಡೆಯುವಾಗ ಅನ್ನುವುದಕ್ಕೆ ‘ವೈಲ್’.

ಇದೇ ಜಾತಿಯ ಇನ್ನೊಂದು: ‘ವೆನ್ ಐ ಗೋ ಹೋಮ್, ಐ ವಿಲ್ ಕಾಲ್ ಯು.’ ಮನೆಗೆ ಹೋಗಿ ಫೋನ್ ಮಾಡುತ್ತೇನೆ ಅನ್ನುವುದು ನಮ್ಮ ಅರ್ಥ. ಆದರೆ ‘ಗೋ’ ಅಂದರೆ ಹೊರಡುವುದೂ ಆಗುತ್ತದೆ. ತಲುಪಿದ ಮೇಲೆ ಅನ್ನಬೇಕಾದರೆ ಅವರು ‘ವೆನ್ ಐ ಗೆಟ್ ಹೋಮ್’ ಅನ್ನುತ್ತಾರೆ. ‘ಗೆಟ್’ ಅಂದರೆ ಸಿಗುವುದು ಅಂತ ಮಾತ್ರ ಕಲಿತ ನಮಗೆ ಅದು ಬಾಯಿಗೆ ಬರುವುದೇ ಇಲ್ಲ.

ಇನ್ನು ‘ವಿಲ್’ ಗಲಾಟೆ. ‘ಆಸ್ ಸೂನ್ ಆಸ್ ಐ ವಿಲ್ ಗೆಟ್ ದಿ ಫೈಲ್’ ಅಂತ ನಮ್ಮ ಫ್ಲೋರಿನಲ್ಲಿ ದಿನಕ್ಕೆ ನಾಲ್ಕು ಮೇಲ್ ಆದರೂ ಹೋಗುತ್ತದೆ. ನಾಳೆ ಆಗುವ ಕೆಲಸ, ಅದಕ್ಕೆ ವಿಲ್ ಬೇಕು ಅಂತ ಶಾಲೆಯಲ್ಲಿ ತಲೆಗೆ ತುಂಬಿದ್ದಾರೆ. ತಮಾಷೆ ಏನೆಂದರೆ, ಕನ್ನಡದಲ್ಲಿ ನಾವು ಇದಕ್ಕಿಂತ ಜಾಸ್ತಿ ‘ತಪ್ಪು’ ಮಾಡುತ್ತೇವೆ. ‘ನಾಳೆ ಬಸ್ ಬಂದ ಕೂಡಲೇ ಹೊರಡುತ್ತೇನೆ’ ಅನ್ನುತ್ತೇವೆ. ನಾಳೆಯ ಬಸ್ಸು, ಆದರೆ ‘ಬಂದ’ ಅನ್ನುವುದು ಭೂತಕಾಲದ ರೂಪ. ಯಾರಿಗೂ ವಿಚಿತ್ರ ಅನ್ನಿಸಲ್ಲ. ನಾವು ಭೂತಕಾಲ ಹಾಕುವಲ್ಲಿ ಅವರು ವರ್ತಮಾನ ಹಾಕುತ್ತಾರೆ: ‘ಆಸ್ ಸೂನ್ ಆಸ್ ದಿ ಬಸ್ ಕಮ್ಸ್.’ ಭವಿಷ್ಯತ್ತು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಹಾಗಂತ ವೆನ್ ಪಕ್ಕ ವಿಲ್ ಬರಲೇಬಾರದು ಅಂತಲ್ಲ. ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಸರಿಯಾದ ಇಂಗ್ಲಿಷೇ. ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು ನೋಡುತ್ತೇನೆ. ‘ಅವನು ಯಾವಾಗ ಬರುತ್ತಾನೋ ಗೊತ್ತಿಲ್ಲ’: ‘ಯಾವಾಗ’ ಬಂತು, ವಿಲ್ ಇರಲಿ. ‘ಅವನು ಬಂದಾಗ ಹೇಳುತ್ತೇನೆ’: ‘ಬಂದಾಗ’ ಬಂತು, ವೆನ್ ಪಕ್ಕದ ವಿಲ್ ತೆಗಿ. ಯಾವ ಗ್ರಾಮರ್ ಪುಸ್ತಕಕ್ಕಿಂತಲೂ ಇದು ನನಗೆ ಬೇಗ ಕೈಗೆ ಹತ್ತಿತು. ಪುಸ್ತಕದ ಗ್ರಾಮರ್ ಅಂದ ಕೂಡಲೇ ನೆನಪಾಗುವುದು ‘ನೋ ಸೂನರ್’, ‘ದ್ಯಾನ್’. ವಾಕ್ಯ ಬದಲಿಸಿ ಬರೆಯಿರಿ ಅಂತ ಎಷ್ಟು ಮಾರ್ಕ್ಸ್ ತಗೊಂಡಿದ್ದೆವು. ಇಷ್ಟು ವರ್ಷದ ಕೆಲಸದಲ್ಲಿ ಅದನ್ನು ಒಂದು ಮೇಲಿನಲ್ಲೂ ನೋಡಿಲ್ಲ.

‘ಬೈ’ ಮತ್ತು ‘ಅಂಟಿಲ್’ ವಿಷಯದಲ್ಲಿ ಮಾತ್ರ ಕನ್ನಡದವರಿಗೆ ಕಷ್ಟ ಕಡಿಮೆ. ‘ಶುಕ್ರವಾರದೊಳಗೆ’ ಬೇರೆ, ‘ಶುಕ್ರವಾರದವರೆಗೆ’ ಬೇರೆ ಅಂತ ನಮಗೆ ಗೊತ್ತು. ಹಿಂದಿಯಲ್ಲಿ ಎರಡಕ್ಕೂ ‘ತಕ್’. ಅದಕ್ಕೇ ನನ್ನ ಹಿಂದಿ ಗೆಳೆಯರು ‘ವಿ ವಿಲ್ ಸೆಂಡ್ ಇಟ್ ಟಿಲ್ ಫ್ರೈಡೇ’ ಅಂತ ಬರೆದು ಸಿಕ್ಕಿಹಾಕಿಕೊಳ್ಳುತ್ತಾರೆ. ಶುಕ್ರವಾರದವರೆಗೂ ಕಳಿಸುತ್ತಲೇ ಇರುತ್ತೀರಾ ಅಂತ ಆ ಕಡೆಯಿಂದ ಪ್ರಶ್ನೆ ಬರುತ್ತದೆ.

ನಮ್ಮ ಹಳ್ಳ ಬೇರೆ ಕಡೆ ಇದೆ. ಅದು ‘ಇನ್ನೂ’. ‘ಇನ್ನೂ ಇಲ್ಲೇ ಇದ್ದಾನೆ’, ‘ಇನ್ನೂ ಬಂದಿಲ್ಲ’ ಎರಡಕ್ಕೂ ನಮ್ಮಲ್ಲಿ ಅದೊಂದೇ ಪದ. ಇಂಗ್ಲಿಷಿನಲ್ಲಿ ಮೊದಲನೆಯದು ‘ಸ್ಟಿಲ್’, ಎರಡನೆಯದು ಸಾಮಾನ್ಯವಾಗಿ ‘ಯೆಟ್’. ಬಂದಿಲ್ಲ ಅನ್ನುವುದಕ್ಕೂ ಸ್ಟಿಲ್ ಹಾಕಬಹುದು, ತಪ್ಪಲ್ಲ. ಆದರೆ ದನಿ ಬದಲಾಗುತ್ತದೆ. ‘ವಿ ಹ್ಯಾವಂಟ್ ರಿಸೀವ್ಡ್ ದಿ ಫೈಲ್ ಯೆಟ್’ ಅಂದರೆ ಫೈಲ್ ಇನ್ನೂ ಬಂದಿಲ್ಲ, ಅಷ್ಟೇ ಸುದ್ದಿ. ‘ವಿ ಸ್ಟಿಲ್ ಹ್ಯಾವಂಟ್ ರಿಸೀವ್ಡ್ ದಿ ಫೈಲ್’ ಅಂದರೆ ಎಷ್ಟು ಸಲ ಕೇಳಬೇಕು ನಿಮ್ಮನ್ನ ಅಂತ. ಎರಡನೆಯದನ್ನು ನಾನು ಲಂಡನ್ನಿನ ಕ್ಲೈಂಟ್‌ಗೆ ಸೋಮವಾರ ಬೆಳಗ್ಗೆ ಕಳಿಸಿದ್ದೆ, ಅದೂ ಮೊದಲ ಸಲ ಕೇಳುವಾಗ. ಆತ ಕ್ಷಮೆ ಕೇಳಿ ಉದ್ದದ ಉತ್ತರ ಬರೆದ, ತನ್ನ ಬಾಸ್‌ನನ್ನೂ ಸಿಸಿಯಲ್ಲಿ ಹಾಕಿದ. ನನಗೆ ಅವನ ಮೇಲೆ ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಸುಮ್ನೆ ಕೇಳಿದ್ದೆ.

‘ಈಗ ತಾನೇ’ಯದ್ದೂ ಇದೇ ಕಥೆ. ‘ಈಗ ತಾನೇ ಮೇಲ್ ನೋಡಿದೆ’ ಅನ್ನುವುದು ನಮ್ಮ ಬಾಯಲ್ಲಿ ‘ನೌ ಓನ್ಲಿ ಐ ಸಾ ದಿ ಮೇಲ್’ ಆಗುತ್ತದೆ. ಆಫೀಸಿನೊಳಗೆ ಇದನ್ನು ತಿದ್ದುವವರನ್ನು ಕಂಡರೆ ನನಗೆ ಆಗಲ್ಲ. ಎಲ್ಲರಿಗೂ ಅರ್ಥವಾಗುವ ಮಾತು ಅದು. ಹೊರಗಿನವರಿಗೆ ಮಾತ್ರ ಬೇರೆ ಥರ ಕೇಳಿಸುತ್ತದೆ. ಅವರ ‘ಓನ್ಲಿ ನೌ’ನಲ್ಲಿ ತಡವಾಯಿತು ಅನ್ನುವ ಛಾಯೆ ಇದೆ, ಇಷ್ಟು ಹೊತ್ತಿಗೆ ನೋಡಿದೆನಲ್ಲಾ ಅನ್ನುವ ಹಾಗೆ. ನಮ್ಮ ‘ತಾನೇ’ಗೆ ಬೇಕಾದದ್ದು ‘ಜಸ್ಟ್’. ಲಂಡನ್ನಿನವರು ಸಾಮಾನ್ಯವಾಗಿ ‘ಐ ಹ್ಯಾವ್ ಜಸ್ಟ್ ಸೀನ್ ಇಟ್’ ಅನ್ನುತ್ತಾರೆ. ಅಮೆರಿಕದವರು ‘ಐ ಜಸ್ಟ್ ಸಾ ಇಟ್’ ಅಂತ ಮುಗಿಸುತ್ತಾರೆ. ನಾನು ಎರಡನೆಯದಕ್ಕೇ ಅಂಟಿಕೊಂಡೆ, ಒಂದು ಪದ ಕಡಿಮೆ ಅಂತ.

‘ಒನ್ಸ್ ಇಟ್ ಈಸ್ ಫಿಕ್ಸ್ಡ್, ವಿ ವಿಲ್ ರಿವರ್ಟ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉತ್ತರ ಕೊಡುತ್ತೇವೆ ಅಂತ ನಾವು ಬರೆದದ್ದು. ಸಾಫ್ಟ್‌ವೇರಿನಲ್ಲಿ ರಿವರ್ಟ್ ಅಂದರೆ ಮಾಡಿದ್ದನ್ನು ವಾಪಸ್ ತೆಗೆಯುವುದು. ಸರಿಮಾಡಿದ ಮೇಲೆ ಅದನ್ನ ಯಾಕೆ ತೆಗೀತೀರಿ ಅಂತ ಆ ಕಡೆಯವರು ಗಾಬರಿಯಾಗಿದ್ದರು.

ಈಗ ಹೊಸಬರ ಹ್ಯಾಂಡೋವರ್ ಮೇಲ್‌ಗಳನ್ನು ಮೊದಲ ಮೂರು ತಿಂಗಳು ನಾನೇ ಓದಿ ಕಳಿಸುತ್ತೇನೆ. ಎಲ್ಲ ತಪ್ಪನ್ನೂ ತಿದ್ದಲು ಹೋಗುವುದಿಲ್ಲ, ಅಷ್ಟು ಹೊತ್ತೂ ಇಲ್ಲ. ಸ್ಪೆಲಿಂಗ್ ತಪ್ಪಿದರೆ ಸರ್ವರ್ ಬೀಳಲ್ಲ. ವೆನ್, ಅಂಟಿಲ್, ಸ್ಟಿಲ್ ಇರುವ ಸಾಲು ಬಂದರೆ ಮಾತ್ರ ನಿಲ್ಲುತ್ತೇನೆ. ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಈ ಸಲ ಸೇರಿದ್ದಾನೆ. ಕ್ಲೈಂಟ್ ಕಡೆಯಿಂದ ಒಂದು ಅನುಮತಿಗಾಗಿ ಹತ್ತು ದಿನದಿಂದ ಮೇಲ್ ಹಾಕುತ್ತಿದ್ದ. ಮೊನ್ನೆ ನನ್ನ ಡೆಸ್ಕ್ ಹತ್ತಿರ ಬಂದ.

“ಸರ, ‘ಇನ್ನೂ ಬಂದಿಲ್ಲ’ ಅಂತ ಹ್ಯಾಂಗ ಬರೀಲಿ? ಸ್ಟಿಲ್ ಹಾಕ್ಲೋ, ಯೆಟ್ ಹಾಕ್ಲೋ?”

“ಸಿಟ್ಟು ಬಂದಿದೆಯಾ?” ಅಂತ ಕೇಳಿದೆ.

“ಭಾಳ ಬಂದೈತ್ರಿ.”

“ಹಾಗಾದ್ರೆ ಸ್ಟಿಲ್ ಹಾಕು” ಅಂದೆ.