ಮನೆಯ ಹಿರಿಯರ ಉಸಿರು ಎಣಿಸಿ ನೋಡಿ

ಜಮಖಂಡಿ, ಮುಧೋಳ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂತು ಅಂದ್ರೆ ಮನೆಗೊಬ್ಬರಿಗೆ ಕೆಮ್ಮು ಇದ್ದೇ ಇರುತ್ತದೆ. ಬೆಳಗಿನ ಥಂಡಿ, ರವದಿ ಸುಟ್ಟ ಹೊಗೆ, ರಸ್ತೆ ತುಂಬ ಟ್ರ್ಯಾಕ್ಟರ್ ಎಬ್ಬಿಸಿದ ಧೂಳು. ಹಾಗಾಗಿ ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಣೆ ಮುಟ್ಟಿ ನೋಡುತ್ತೇವೆ, ಬಿಸಿ ಇಲ್ಲ ಅಂದ್ರೆ ಆರಾಮ ಆಗ್ತಾರೆ ಅಂತ ಸುಮ್ನಾಗುತ್ತೇವೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ. ಮನೆಯಲ್ಲಿ ವಯಸ್ಸಾದವರು, ಶುಗರ್ ಇರುವವರು, ಸಣ್ಣ ಕೂಸುಗಳು ಕೆಮ್ಮುತ್ತಿದ್ದರೆ ಹಣೆ ಮುಟ್ಟಿದ ಮೇಲೆ ದಯವಿಟ್ಟು ಎದೆಯನ್ನೂ ನೋಡಿ, ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಅಂತ ಎಣಿಸಿ.

ಹೋದ ಚಳಿಗಾಲದಲ್ಲಿ ನಮ್ಮ ಕಾಕಾಗೆ ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಶ್ವಾಸಕೋಶದ ಸೋಂಕು, ಅಂದ್ರೆ ನ್ಯುಮೋನಿಯಾ ಆಯ್ತು. ಎಪ್ಪತ್ತರ ಹತ್ತಿರದ ವಯಸ್ಸು, ಹಳೇ ಸಕ್ಕರೆ ಕಾಯಿಲೆ, ಬೀಡಿ ಬಿಟ್ಟಿರಲಿಲ್ಲ. ಜ್ವರ ಅಂತ ಹೇಳುವಷ್ಟು ಬರಲೇ ಇಲ್ಲ. ಮೊದಲು ಊಟ ಬಿಟ್ಟರು, ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟು ಎದ್ದು ಹೋದರು. ಆಮೇಲೆ ಬಲಗಡೆ ಪಕ್ಕೆ ನೋಯುತ್ತದೆ ಅಂದರು, ಹೊಲದಲ್ಲಿ ಏನೋ ಭಾರ ಎತ್ತಿರಬೇಕು ಅಂತ ಕಾಕು ಎಣ್ಣೆ ಹಚ್ಚಿದರು. ಊರಿನ ಕ್ಲಿನಿಕ್‌ನಲ್ಲಿ ಒಂದು ಸೂಜಿ ಮಾಡಿ, ಒಂದು ಬಾಟಲಿ ಸಲೈನ್ ಹಚ್ಚಿ, "ಥಂಡಿ ಹತ್ತೇತಿ" ಅಂತ ಹೇಳಿ ಕಳಿಸಿದರು. ಬೆನ್ನಿಗೆ ಸ್ಟೆತಾಸ್ಕೋಪ್ ಕೂಡ ಇಡಲಿಲ್ಲ, ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮರುದಿನ ಸಂಜೆ ಕಾಕಾ ನನ್ನ ತಮ್ಮನನ್ನು ಕರೆದು "ಎತ್ತಿಗಿ ಮೇವ ಹಾಕೀಯೇನೋ?" ಅಂತ ಕೇಳಿದರು. ನಮ್ಮ ಮನೆಯ ಎತ್ತು ಮಾರಿ ಎಷ್ಟೋ ವರ್ಷ ಆಗಿದೆ. "ಎತ್ತ ಎಲ್ಲಿ ಅದಾವ್ರೀ ಕಾಕಾ ಈಗ?" ಅಂದರೆ ಉತ್ತರ ಇಲ್ಲ.

ವಯಸ್ಸಾಯ್ತು, ಮರೆವು ಶುರುವಾಗಿದೆ ಅಂತ ಮನೆಯವರು ಮಾತಾಡಿಕೊಳ್ಳುತ್ತಿದ್ದಾಗ ನಮ್ಮ ವೈನಿ ಬಂದರು. ಅವರು ಆಶಾ ಕಾರ್ಯಕರ್ತೆ. ಕಾಕಾನ ಅಂಗಿ ಸರಿಸಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು, ಎದೆ ಏರಿ ಇಳಿಯುವುದನ್ನು ಎಣಿಸಿದರು. 32. ಆರಾಮಾಗಿ ಕೂತ ದೊಡ್ಡವರಿಗೆ ಇದು 12ರಿಂದ 20ರ ಒಳಗೆ ಇರಬೇಕು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ರಕ್ತದ ಆಕ್ಸಿಜನ್ 87, ತೀರಾ ಕಡಿಮೆ. "ಮರವು ಅಲ್ರೀ ಇದು, ನಸೀಕ ಆಗೂ ತನಕ ಕಾಯೂದು ಬ್ಯಾಡ" ಅಂತ ವೈನಿ ಅವತ್ತು ರಾತ್ರಿಯೇ ಗಾಡಿ ಮಾಡಿಸಿ ಬಾಗಲಕೋಟೆಗೆ ಹೊರಡಿಸಿದರು.

ಪುಸ್ತಕದಲ್ಲಿ ಬರೆದ ನ್ಯುಮೋಕಾಕಸ್ ನ್ಯುಮೋನಿಯಾ ಬೇರೆ ಥರ ಇರುತ್ತದೆ. ಇದ್ದಕ್ಕಿದ್ದಂತೆ ಮೈ ನಡುಗಿಸುವ ಚಳಿ, ಜೋರು ಜ್ವರ, ಉಸಿರು ಎಳೆದುಕೊಂಡರೆ ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು, ಕೆಮ್ಮಿದರೆ ತುಕ್ಕಿನ ಬಣ್ಣದ ಕಫ. ಗಟ್ಟಿಮುಟ್ಟಾದ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ. ವಯಸ್ಸಾದವರಲ್ಲಿ ಜ್ವರ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಅವರಲ್ಲಿ ಊಟ ಸೇರದಿರುವುದು, ಮಂಪರು, ಹಾಸಿಗೆ ಬಿಟ್ಟು ಏಳದಿರುವುದು, ಸಂಬಂಧ ಇಲ್ಲದ ಮಾತು ಇವೇ ಮೊದಲು ಕಾಣುತ್ತವೆ. ಡಾಕ್ಟರುಗಳು ನ್ಯುಮೋನಿಯಾ ಎಷ್ಟು ಗಂಭೀರ ಅಂತ ಅಳೆಯಲು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: ಗೊಂದಲದ ಮಾತು ಇದೆಯಾ, ರಕ್ತದಲ್ಲಿ ಯೂರಿಯಾ ಏರಿದೆಯಾ, ಉಸಿರು ನಿಮಿಷಕ್ಕೆ 30 ಅಥವಾ ಜಾಸ್ತಿ ಇದೆಯಾ, ಬಿಪಿ ಇಳಿದಿದೆಯಾ, ವಯಸ್ಸು 65 ಆಗಿದೆಯಾ. ಒಂದೊಂದಕ್ಕೂ ಒಂದು ಅಂಕ. ಇದರಲ್ಲಿ ಮೂರನ್ನು ಮನೆಯಲ್ಲಿ ಕೂತೇ ನೋಡಬಹುದು, ಯಾವ ಮಶಿನ್ನೂ ಬೇಡ. ಕಾಕಾಗೆ ಆ ಮೂರೂ ಇದ್ದವು.

ನ್ಯುಮೋಕಾಕಸ್ ರೋಗಾಣುವಿನ ಪೂರ್ತಿ ಹೆಸರು ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್, ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಆರೋಗ್ಯವಾಗಿ ಇರುವವರ ಮೂಗು, ಗಂಟಲಿನಲ್ಲೂ ಇದು ತೊಂದರೆ ಕೊಡದೆ ಇರುತ್ತದೆ, ಸಣ್ಣ ಮಕ್ಕಳಲ್ಲಂತೂ ಜಾಸ್ತಿ. ಕೆಮ್ಮು, ಸೀನಿನ ಹನಿಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಫ್ಲೂ ಬಂದು ಮೈ ಸೋತಾಗ, ಶುಗರ್ ಹತೋಟಿಯಲ್ಲಿ ಇಲ್ಲದಾಗ, ಬೀಡಿ ಸಿಗರೇಟಿನಿಂದ ಶ್ವಾಸನಾಳ ಕೆಟ್ಟಿದ್ದಾಗ ಅದು ಕೆಳಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗಾಣುವಿನ ಸುತ್ತ ಸಕ್ಕರೆ ಅಂಶದ ಒಂದು ಹೊದಿಕೆ ಇರುತ್ತದೆ, ಅದರಿಂದಾಗಿ ನಮ್ಮ ಬಿಳಿ ರಕ್ತಕಣಗಳಿಗೆ ಅದನ್ನು ಹಿಡಿದು ನುಂಗುವುದು ಕಷ್ಟ. ಈ ಹೊದಿಕೆಯಲ್ಲೇ ನೂರಕ್ಕೂ ಹೆಚ್ಚು ಬಗೆ ಇವೆ. ಮಕ್ಕಳಲ್ಲಿ ಇದೇ ರೋಗಾಣು ಕಿವಿಗೆ ಹೋದರೆ ಕಿವಿ ನೋವು, ಸೋರುವುದು. ರಕ್ತಕ್ಕೆ ಸೇರಿದರೆ ಮೈಯೆಲ್ಲ ಸೋಂಕು. ಮಿದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್, ಅದು ಎಲ್ಲಕ್ಕಿಂತ ಭಯದ್ದು. ಜೋರು ತಲೆನೋವು, ವಾಂತಿ, ಕುತ್ತಿಗೆ ಬಗ್ಗಿಸಲು ಆಗದಿರುವುದು, ಬೆಳಕು ಕಂಡರೆ ಆಗದಿರುವುದು, ಫಿಟ್ಸ್ ಇದ್ದರೆ ಒಂದು ಗಂಟೆಯನ್ನೂ ಕಳೆಯಬಾರದು. ಬದುಕಿ ಬಂದ ಮಕ್ಕಳಲ್ಲೂ ಕೆಲವರಿಗೆ ಕಿವಿ ಕೇಳಿಸದೇ ಹೋಗುತ್ತದೆ.

ಬಾಗಲಕೋಟೆಯಲ್ಲಿ ಮೊದಲು ಕೇಳಿದ ಪ್ರಶ್ನೆ, "ಊರಲ್ಲಿ ಯಾವ ಇಂಜೆಕ್ಷನ್ ಕೊಟ್ಟಿದ್ರು?" ನಮ್ಮ ಹತ್ತಿರ ಚೀಟಿಯೇ ಇರಲಿಲ್ಲ, ಯಾಕಂದ್ರೆ ಆ ಕ್ಲಿನಿಕ್‌ನಲ್ಲಿ ಚೀಟಿ ಬರೆಯುವ ಪದ್ಧತಿಯೇ ಇಲ್ಲ. ಇದು ಯಾಕೆ ಮುಖ್ಯ ಅಂತ ಆಗ ತಿಳಿಯಿತು. ಯಾವ ರೋಗಾಣು ಅಂತ ಗೊತ್ತಾಗಬೇಕಾದರೆ ರಕ್ತವನ್ನು ಬಾಟಲಿಯಲ್ಲಿ ಇಟ್ಟು ಬೆಳೆಸಿ ನೋಡಬೇಕು, ಅದಕ್ಕೆ ಬ್ಲಡ್ ಕಲ್ಚರ್ ಅನ್ನುತ್ತಾರೆ. ಅದಕ್ಕೂ ಮೊದಲೇ ಆ್ಯಂಟಿಬಯಾಟಿಕ್ ಒಳಗೆ ಹೋಗಿದ್ದರೆ ರೋಗಾಣು ಅರ್ಧಂಬರ್ಧ ಸತ್ತು ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು. ಹಾಗಾಗಿ ಯಾವ ಕ್ಲಿನಿಕ್‌ಗೆ ಹೋದರೂ ಕೊಟ್ಟ ಔಷಧಿಯ ಹೆಸರು ಬರೆಸಿಕೊಳ್ಳಿ, ಬೇಡ ಅಂದರೂ ಕೇಳಿ ಬರೆಸಿಕೊಳ್ಳಿ.

ಆಮೇಲೆ ಎದೆಯ ಎಕ್ಸ್-ರೇ. ಬಲಗಡೆ ಕೆಳಭಾಗ ಕಪ್ಪಗೆ ಇರಬೇಕಾದಲ್ಲಿ ಬೆಳ್ಳಗೆ ಮುಸುಕಿತ್ತು. ಪಕ್ಕೆ ನೋವಿನ ಕಾರಣ ಅಲ್ಲೇ ಇತ್ತು. ಒಂದು ಮಾತು ನೆನಪಿರಲಿ, ತೀರಾ ಶುರುವಿನಲ್ಲಿ ಎಕ್ಸ್-ರೇ ಸ್ವಚ್ಛವಾಗಿಯೂ ಕಾಣಬಹುದು, ರೋಗಿಯನ್ನು ನೋಡಿ ನಿರ್ಧಾರ ಮಾಡಬೇಕೇ ಹೊರತು ಬರೀ ಫಿಲ್ಮ್ ನೋಡಿ ಅಲ್ಲ. ಕಫ ತೆಗೆದುಕೊಂಡರು, ಅದರಲ್ಲಿ ಟಿಬಿಗೂ ಪರೀಕ್ಷೆ ಮಾಡಿದರು. ರಕ್ತದಲ್ಲಿ ಬಿಳಿ ಕಣ, ಶುಗರ್, ಕಿಡ್ನಿ ಎಲ್ಲ ನೋಡಿದರು. ಮೆನಿಂಜೈಟಿಸ್ ಅನುಮಾನ ಇದ್ದರೆ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡುತ್ತಾರೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತವೆ ಅಂತ ನಮ್ಮ ಕಡೆ ಎಷ್ಟೋ ಜನ ಬೇಡ ಅನ್ನುತ್ತಾರೆ. ಸೊಂಟದ ಹತ್ತಿರ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಹಾಕುವುದು. ದಯವಿಟ್ಟು ಬೇಡ ಅನ್ನಬೇಡಿ.

ಕಲ್ಚರ್ ರಿಪೋರ್ಟ್‌ಗೆ ಯಾರೂ ಕಾಯಲಿಲ್ಲ. ರಕ್ತ ತೆಗೆದ ಕೂಡಲೇ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ನರಕ್ಕೆ ಶುರುವಾಯ್ತು, ಜೊತೆಗೆ ಅಜಿತ್ರೋಮೈಸಿನ್, ಮೂಗಿಗೆ ಆಕ್ಸಿಜನ್, ಶುಗರ್‌ಗೆ ಇನ್ಸುಲಿನ್. ಆಮೇಲೆ ಬಂದ ರಿಪೋರ್ಟ್‌ನಲ್ಲಿ ನ್ಯುಮೋಕಾಕಸ್ ಬೆಳೆದಿತ್ತು, ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪಟ್ಟಿಯೂ ಇತ್ತು. ಆಕ್ಸಿಜನ್ ಏರಿದ ಹಾಗೆ ಕಾಕಾನ ಮಾತು ಸರಿಯಾಗುತ್ತಾ ಬಂತು. ತಮ್ಮನ ಹೆಸರು ಹಿಡಿದು ಕರೆದು ಚಹಾ ಕೇಳಿದಾಗ ಕಾಕು ಅತ್ತೇಬಿಟ್ಟರು.

ಎಲ್ಲರಿಗೂ ಇಷ್ಟು ಬೇಕಾಗುವುದಿಲ್ಲ. ಬೇಗ ಹೋದರೆ, ಉಸಿರು ಸರಿ ಇದ್ದರೆ, ಎಷ್ಟೋ ಜನರಿಗೆ ಅಮಾಕ್ಸಿಸಿಲಿನ್ ಗುಳಿಗೆಯಲ್ಲೇ ವಾಸಿಯಾಗುತ್ತದೆ. ಔಷಧಿ ಸರಿಯಾಗಿದ್ದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯಬೇಕು. ಇಳಿಯದಿದ್ದರೆ ಮತ್ತೆ ತೋರಿಸಬೇಕು, ಪಕ್ಕೆಯೊಳಗೆ ಕೀವು ತುಂಬಿರಬಹುದು, ರೋಗಾಣು ಆ ಔಷಧಿಗೆ ಬಗ್ಗದೇ ಇರಬಹುದು, ಬೇರೆ ರೋಗವೇ ಇರಬಹುದು. ಮೆಡಿಕಲ್ ಅಂಗಡಿಯಲ್ಲಿ ಎರಡು ಗುಳಿಗೆ ತಂದು ನುಂಗಿ, ಜ್ವರ ಬಿಟ್ಟ ಕೂಡಲೇ ನಿಲ್ಲಿಸುವುದು ಇದೆಯಲ್ಲ, ಅದನ್ನು ಬಿಡಬೇಕು. ಅಂಥ ಅಡ್ಡಾದಿಡ್ಡಿ ಬಳಕೆಯಿಂದಲೇ ಪೆನಿಸಿಲಿನ್‌ಗೂ ಬಗ್ಗದ ನ್ಯುಮೋಕಾಕಸ್ ಹೆಚ್ಚುತ್ತಿವೆ. ಇನ್ನೊಂದು, ಡಿಸ್ಚಾರ್ಜ್ ಆದ ಮೇಲೂ ಸುಸ್ತು ವಾರಗಟ್ಟಲೆ ಇರುತ್ತದೆ. ಕಾಕಾ ಹಿತ್ತಲವರೆಗೆ ನಡೆದು ಕೂತುಬಿಡುತ್ತಿದ್ದರು. ಬೀಡಿ ಸೇದುವವರಿಗೆ ಆರು ವಾರದ ನಂತರ ಇನ್ನೊಂದು ಎಕ್ಸ್-ರೇ ತೆಗೆಸಲು ಹೇಳುತ್ತಾರೆ, ನ್ಯುಮೋನಿಯಾದ ಹಿಂದೆ ಗಡ್ಡೆ ಏನಾದರೂ ಅಡಗಿದೆಯಾ ನೋಡಲು. ಅದನ್ನು ತಪ್ಪಿಸಬೇಡಿ.

ಕೂಸುಗಳ ಉಸಿರಿನ ಲೆಕ್ಕ ಬೇರೆ. 2 ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2 ತಿಂಗಳಿಂದ ಒಂದು ವರ್ಷದ ಒಳಗೆ 50 ಅಥವಾ ಜಾಸ್ತಿ, ಒಂದರಿಂದ 5 ವರ್ಷದ ಒಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಅಳುವಾಗ ಎಣಿಸಬೇಡಿ, ಮಲಗಿದಾಗ ಎಣಿಸಿ, ಪೂರ್ತಿ ಒಂದು ನಿಮಿಷ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಹೋಗುತ್ತಿದ್ದರೆ, ಹಾಲು ಕುಡಿಯದಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ದೊಡ್ಡ ಆಸ್ಪತ್ರೆ, 108ಕ್ಕೆ ಫೋನ್ ಮಾಡಿ. ಹೊಟ್ಟೆಗೆ ಬರೆ ಹಾಕಿಸಲು ಯಾರಾದರೂ ಹೇಳಿದರೆ ಗಟ್ಟಿಯಾಗಿ ಬೇಡ ಅನ್ನಿ, ಕೂಸಿಗೆ ಸುಟ್ಟ ಗಾಯ ಆಗುತ್ತದೆ, ಸಮಯವೂ ಹೋಗುತ್ತದೆ.

ನ್ಯುಮೋಕಾಕಸ್‌ಗೆ ಲಸಿಕೆ ಇದೆ ಅಲ್ವಾ, ಅದೇ ನನಗೆ ಜಾಸ್ತಿ ಹೇಳಬೇಕಾಗಿರುವುದು. ಮಕ್ಕಳಿಗೆ ಪಿಸಿವಿ ಅಂತ ಕೊಡುತ್ತಾರೆ. ಸರ್ಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರು ಮಾಡಿ, 2021ರಲ್ಲಿ ದೇಶದ ಎಲ್ಲ ಕಡೆ ತಂದಿತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಮತ್ತೆ 9 ತಿಂಗಳಿಗೆ. ಪೂರ್ತಿ ಉಚಿತ. ಪುಣೆಯ ಸೀರಂ ಸಂಸ್ಥೆ ನಮ್ಮಲ್ಲೇ ಇದನ್ನು ತಯಾರಿಸುತ್ತದೆ. ಮಕ್ಕಳಿಗೆ ಹಾಕಿಸಿದರೆ ಅವರ ಮೂಗಿನಲ್ಲಿ ರೋಗಾಣು ಕಡಿಮೆಯಾಗಿ ಮನೆಯ ಅಜ್ಜ ಅಜ್ಜಿಯರಿಗೂ ರಕ್ಷಣೆ ಸಿಗುತ್ತದೆ. ದೊಡ್ಡವರ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ, ಹಣ ಕೊಟ್ಟು ಹಾಕಿಸಬೇಕು. ಆದರೆ 65 ದಾಟಿದವರು, ಶುಗರ್, ಹೃದಯ, ಕಿಡ್ನಿ, ದಮ್ಮಿನ ತೊಂದರೆ ಇರುವವರು, ಗುಲ್ಮ ತೆಗೆಸಿಕೊಂಡವರು ಡಾಕ್ಟರನ್ನು ಕೇಳಲೇಬೇಕು. ಕಾಕಾ ಚೇತರಿಸಿಕೊಂಡ ಮೇಲೆ ಹಾಕಿಸಿಕೊಂಡರು.

ನಮ್ಮ ಕಡೆಯ ದೊಡ್ಡ ತೊಡಕು 9 ತಿಂಗಳ ಡೋಸ್. ಕಬ್ಬಿನ ಗ್ಯಾಂಗ್ ಜೊತೆ ಹೋಗುವವರು, ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಗುಳೆ ಹೋಗುವವರು ಕೂಸನ್ನು ಕಟ್ಟಿಕೊಂಡು ಹೋಗುತ್ತಾರೆ, ಲಸಿಕೆ ಬರೆದಿಡುವ ತಾಯಿ ಕಾರ್ಡ್ ಮಾತ್ರ ಊರಿನ ಟ್ರಂಕ್‌ನಲ್ಲಿ ಉಳಿಯುತ್ತದೆ. ಕಾರ್ಡ್ ಜೊತೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದುಕೊಂಡು ಹೋಗಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಇದೇ ಲಸಿಕೆ ಸಿಗುತ್ತದೆ. ವರ್ಷ ತುಂಬುವ ಮೊದಲು ಒಂದು ಡೋಸಾದರೂ ಬಿದ್ದಿದ್ದರೆ ಉಳಿದದ್ದನ್ನು ಆಮೇಲೂ ಮುಗಿಸಬಹುದು. ನಿಮ್ಮ ಗದ್ದೆಗೆ ಗ್ಯಾಂಗ್ ಬಂದಿದ್ದರೆ, ಅವರ ಗುಡಿಸಲಿನಲ್ಲಿ ಸಣ್ಣ ಕೂಸು ಇದ್ದರೆ, ಊರಿನ ಆಶಾಗೆ ಒಂದು ಫೋನ್ ಮಾಡಿ ತಿಳಿಸಿ.