ಐವರು ಅಕ್ಕತಂಗಿಯರ ಪ್ರಶ್ನೆ

ಜುಲೈ ತಿಂಗಳ ಒಂದು ಶನಿವಾರ. ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆ ಹುಡುಗಿಯ ಬಾತ್ ಮಿಟ್ಜ್ವಾ. ಹದಿಮೂರು ತುಂಬಿದ ಯಹೂದಿ ಹುಡುಗಿ ಮೊದಲ ಸಲ ಎಲ್ಲರೆದುರು ತಮ್ಮ ಪವಿತ್ರ ಗ್ರಂಥ ತೋರಾ ಓದುವ ದಿನ. ಅವರದು ರಿಫಾರ್ಮ್ ಪಂಥ, ಹಳೆಯ ಕಟ್ಟಳೆಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡವರು. ಗಂಡಸರು, ಹೆಂಗಸರು ಒಟ್ಟಿಗೇ ಕೂತಿದ್ದರು. ಪ್ರಾರ್ಥನೆ ನಡೆಸಿದ ರಬ್ಬಿಯೂ, ಅಂದರೆ ಧರ್ಮಗುರುವೂ, ಹೆಂಗಸೇ.

ಸುರುಳಿ ಬಿಚ್ಚಿದರು. ಕೈಯಲ್ಲಿ ಬರೆದ ತೊಗಲಿನ ಹಾಳೆ. ಅದರಲ್ಲಿ ಸ್ವರದ ಗುರುತುಗಳೇ ಇಲ್ಲ. ನಾವು ಗುಣಿತ ಬಿಟ್ಟು ಬರೆದರೆ 'ಕೋಮಲ'ವೂ 'ಕಮಲ'ವೇ ಆಗುತ್ತದೆ ಅಲ್ವಾ, ಹಾಗೆ. ತಿಂಗಳುಗಟ್ಟಲೆ ಕಲಿಯದೆ ಓದಲು ಆಗುವುದಿಲ್ಲ. ಬೆರಳು ತಾಗಿಸುವಂತಿಲ್ಲ. ತುದಿಯಲ್ಲಿ ಪುಟ್ಟ ಕೈ ಇರುವ ಬೆಳ್ಳಿ ಕಡ್ಡಿಯನ್ನು ಸಾಲಿನ ಮೇಲೆ ಸರಿಸುತ್ತಾ, ರಾಗವಾಗಿ ಓದಿದಳು. ನನ್ನ ಪಕ್ಕ ಅವಳ ಅಜ್ಜಿ ಅಳುತ್ತಿದ್ದರು. ಅವರು ಚಿಕ್ಕವರಿದ್ದಾಗ ಹೆಂಗಸರು ಮಹಡಿ ಮೇಲೆ ಕೂತು ನೋಡಬೇಕಿತ್ತಂತೆ.

ಆ ವಾರದ ಭಾಗ ಚಲ್ಪಹಾದನ ಐವರು ಹೆಣ್ಣುಮಕ್ಕಳ ಕಥೆ. ಅಪ್ಪನಿಗೆ ಗಂಡುಮಕ್ಕಳಿಲ್ಲ, ಅವನ ಪಾಲಿನ ಆಸ್ತಿ ನಮಗೆ ಕೊಡಿ ಎಂದು ತಮ್ಮ ಜನರ ನಾಯಕ ಮೋಶೆಯನ್ನು ಕೇಳುತ್ತಾರೆ. ಮೋಶೆ ದೇವರನ್ನು ಕೇಳುತ್ತಾನೆ. ಅವರ ಮಾತು ಸರಿ ಅನ್ನುತ್ತಾನೆ ದೇವರು. ಓದಿದ ಮೇಲೆ ಹುಡುಗಿ ತನಗೆ ಅನಿಸಿದ್ದನ್ನು ಹೇಳಬೇಕು. "ಒಬ್ಬ ತಮ್ಮ ಇದ್ದಿದ್ದರೂ ಇವರಿಗೆ ಏನೂ ಸಿಗುತ್ತಿರಲಿಲ್ಲ. ಅದನ್ನು ನಾನು ಒಪ್ಪಲ್ಲ" ಅಂದಳು. ಪವಿತ್ರ ಗ್ರಂಥದ ಪಕ್ಕದಲ್ಲೇ ನಿಂತು! ರಬ್ಬಿ ತಲೆದೂಗಿದರು.

ನನಗೆ ಅಮ್ಮ ನೆನಪಾದಳು. ಅಜ್ಜನ ಅಡಿಕೆ ತೋಟ ಪಾಲಾದಾಗ ಅವಳು ಬಂದವರಿಗೆಲ್ಲ ಕಾಫಿ ಕೊಟ್ಟಿದ್ದಳು. ಕೇಳಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಊಟದ ಹೊತ್ತಿಗೆ ರಬ್ಬಿ ತಮ್ಮ ಪಂಥದ ಹಳೆಯದನ್ನೆಲ್ಲ ಹೇಳಿದರು. 1810ರಲ್ಲಿ ಜರ್ಮನಿಯ ಜೇಸೆನ್ ಎಂಬ ಊರಿನ ದೇಗುಲದಲ್ಲಿ ಆರ್ಗನ್ ನುಡಿಸಿ, ಜನರ ಮಾತಿನಲ್ಲೇ ಹಾಡಿದ್ದು ದೊಡ್ಡ ಬದಲಾವಣೆಯಾಗಿತ್ತು. ಹೆಣ್ಣಿಗೆ ರಬ್ಬಿ ಪದವಿ ಸಿಗಲು ಮತ್ತೆ ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. 1935ರಲ್ಲಿ ಬರ್ಲಿನ್ನಿನ ರೆಗಿನಾ ಯೋನಾಸ್ ರಬ್ಬಿಯಾದರು. 1944ರಲ್ಲಿ ನಾಜಿಗಳು ಅವರನ್ನು ಸಾವಿನ ಶಿಬಿರ ಆಶ್ವಿಟ್ಸ್‌ನಲ್ಲಿ ಕೊಂದರು. ಅಮೆರಿಕದಲ್ಲಿ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾಗಿದ್ದು 1972ರಲ್ಲಿ.

"ಮುಂಬೈಯಲ್ಲೂ ನಮ್ಮವರಿದ್ದಾರೆ" ಅಂದರು. ರಾತ್ರಿ ಕೂತು ಹುಡುಕಿದೆ. 1925ರಲ್ಲಿ ಅಲ್ಲಿ ಈ ಬಗೆಯ ಸಂಘ ಕಟ್ಟಿದವರು ಡಾ. ಜೆರುಶಾ ಝಿರಾಡ್, ಹೆರಿಗೆ ಡಾಕ್ಟರು. ಲಂಡನ್ನಿನಲ್ಲಿ ಓದುವಾಗ ರಿಫಾರ್ಮಿನಂಥದೇ ಆದ ಅಲ್ಲಿನ ಲಿಬರಲ್ ಪಂಥದ ಯಹೂದಿಗಳನ್ನು ಕಂಡು ಬಂದವರು. ಹುಟ್ಟಿದ ಊರು ಶಿವಮೊಗ್ಗ.

ನನ್ನೂರು! ಆಗಲೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಕೇಳಿದಳು: "ಆ ಹುಡುಗಿ ಏನಂದಳು? ಇನ್ನೊಂದು ಸಲ ಹೇಳು."