ಬಾರ್ಲೋನ ಪೆಟ್ಟಿಗೆಯ ಮುಂದೆ ಒಂದು ಹಗಲು

ಬಾಸ್ಟನ್ನಿನ ಮಗಳ ಮನೆಗೆ ಬಂದ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ನಯಾಗರಾ ನೋಡಿ ಬರುತ್ತಾರೆ. ನಾನು ಹಳೆಯ ಹಸ್ತಪ್ರತಿಗಳನ್ನಿಟ್ಟಿರುವ ಹಾರ್ವರ್ಡಿನ ಹೋಟನ್ ಗ್ರಂಥಾಲಯಕ್ಕೆ ಹೋಗುತ್ತೇನೆಂದಾಗ ಅಳಿಯ ಒಂದು ಕ್ಷಣ ಸುಮ್ಮನಾದ.

ವೈಡ್ನರ್ ಗ್ರಂಥಾಲಯದ ರಾಜಗಾಂಭೀರ್ಯದ ಮೆಟ್ಟಿಲುಗಳ ಪಕ್ಕದಲ್ಲಿ ಹೋಟನ್ನಿನದು ಸಂಕೋಚದ ಇಟ್ಟಿಗೆ ಕಟ್ಟಡ. ಚೀಲ, ಪೆನ್ನು ಹೊರಗೇ ಇರಬೇಕು. ಒಳಗೆ ಸೀಸದ ಕಡ್ಡಿಗೆ ಮಾತ್ರ ಪ್ರವೇಶ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದ ಮೇಷ್ಟರ ಪಾಡು ಏನಾಗಬೇಡ!

ನಾನು ಕೇಳಿದ್ದು ಅಮೆರಿಕದ ಕವಿ, ರಾಜತಾಂತ್ರಿಕ ಜೋಯೆಲ್ ಬಾರ್ಲೋನ ಕಾಗದಪತ್ರಗಳನ್ನು. 1754ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದವನು. ಹೊಸ ದೇಶಕ್ಕೊಂದು ಮಹಾಕಾವ್ಯ ಬೇಕೆಂದು ಹಟ ಹಿಡಿದು 1807ರಲ್ಲಿ ‘ಕೊಲಂಬಿಯಾಡ್’ ಅಚ್ಚು ಹಾಕಿಸಿದ. ಅದನ್ನು ನಾನೂ ಓದಲು ಹೊರಟವನೇ. ಎರಡನೆಯ ಸರ್ಗದಲ್ಲಿ ನಿದ್ದೆ ಬಂತು. ಆದರೆ ಅವನ ಬದುಕು ನಿದ್ದೆಗೆಡಿಸುವಂಥದ್ದು.

1796ರಲ್ಲಿ ಅವನು ಉತ್ತರ ಆಫ್ರಿಕದ ಬಂದರು ಅಲ್ಜೀರ್ಸ್‌ನಲ್ಲಿದ್ದ. ಅಲ್ಲಿ ಸೆರೆಯಲ್ಲಿದ್ದ ಅಮೆರಿಕದ ನಾವಿಕರನ್ನು ಹಣ ಕೊಟ್ಟು ಬಿಡಿಸುವುದು ಅವನ ಕೆಲಸ. ಹಣವೋ ಬರುವುದು ತಡವಾಗುತ್ತಿತ್ತು. ಅಲ್ಲಿನ ದೊರೆಯ ಕೋಪ ಇಳಿಸಲು ಒಂದು ಯುದ್ಧನೌಕೆಯನ್ನೇ ಕೊಡುತ್ತೇವೆಂದು ಒಪ್ಪಿಕೊಳ್ಳಬೇಕಾಯಿತು. ಅದರ ನಡುವೆ ಊರಿಗೆ ಪ್ಲೇಗ್ ಬಂತು. ಆಗ, ಜುಲೈ 8ರಂದು, ಪ್ಯಾರಿಸ್ಸಿನಲ್ಲಿದ್ದ ಹೆಂಡತಿ ರೂತ್‌ಗೆ ಒಂದು ಪತ್ರ ಬರೆದಿಟ್ಟ: ತಾನು ಸತ್ತರೆ ಮಾತ್ರ ಅವಳಿಗೆ ತಲುಪಬೇಕಾದದ್ದು. ಅದನ್ನು ನಾನು ಅಚ್ಚಿನಲ್ಲಿ ಮೊದಲೇ ಓದಿದ್ದೆ. ಹಾಗಾಗಿ ಕಂದಿದ ಮಸಿಯ ಈ ಹಾಳೆಗಳನ್ನು ತಿರುವುವಾಗ ಬೇರೆಯವರ ಮನೆಯ ಅಡುಗೆಕೋಣೆಗೆ ಕೇಳದೆ ನುಗ್ಗಿದಂತೆ ಮುಜುಗರವಾಯಿತು. ಸಂಜೆಯವರೆಗೂ ಎದ್ದೇಳಲಿಲ್ಲ, ಅದು ಬೇರೆ ಮಾತು.

ಪ್ಲೇಗಿನಿಂದ ಉಳಿದವನನ್ನು ಚಳಿ ಕೊಂಡೊಯ್ದಿತು. 1812ರಲ್ಲಿ ಫ್ರಾನ್ಸಿಗೆ ಅಮೆರಿಕದ ರಾಯಭಾರಿಯಾಗಿದ್ದ ಬಾರ್ಲೋ, ಒಪ್ಪಂದದ ಮಾತಿಗೆಂದು ವಿಲ್ನಾದವರೆಗೆ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ಹೋದ. ನೆಪೋಲಿಯನ್ ಭೇಟಿಯಾಗಲಿಲ್ಲ, ಅವನ ಸೋತ ಸೈನ್ಯ ರಷ್ಯಾದಿಂದ ಹಿಂದಕ್ಕೆ ಬರುತ್ತಿತ್ತು. ಹಿಂದಿರುಗುವ ದಾರಿಯಲ್ಲಿ, ಡಿಸೆಂಬರಿನಲ್ಲಿ, ಪೋಲೆಂಡಿನ ಝಾರ್ನೋವಿಯೆಟ್ಸ್ ಎಂಬ ಹಳ್ಳಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಅಲ್ಲೇ ಮಣ್ಣಾದ. ಸಾಯುವ ಮುನ್ನ ಅವನು ರಚಿಸಿದ್ದು ರಷ್ಯಾದ ಕಾಗೆಗೆ ಹೇಳಿದ ಬುದ್ಧಿಮಾತಿನ ಪದ್ಯ. ಇಲ್ಲಿ ಹೆಣಗಳು ಮಂಜುಗಟ್ಟಿವೆ, ನಿನ್ನ ಕೊಕ್ಕಿಗೆ ಒಂದು ಎಳೆಯೂ ಸಿಗದು, ಬೆಚ್ಚಗಿನ ನಾಡಿಗೆ ಹೋಗು, ನೆಪೋಲಿಯನ್ ಅಲ್ಲೂ ನಿನಗೆ ಬಡಿಸುತ್ತಾನೆ ಎನ್ನುತ್ತದೆ ಅದು. ಪಿಂಡ ಮುಟ್ಟದ ಕಾಗೆಯನ್ನು ಕಾದು ನಿಂತು ಬಲ್ಲ ನಮಗೆ ಆ ಸಾಲುಗಳ ವಿಷ ಬೇಗ ತಲೆಗೇರುತ್ತದೆ. ಮಹಾಕಾವ್ಯದ ಸಾವಿರಾರು ಸಾಲುಗಳನ್ನು ಈ ಒಂದು ಪದ್ಯಕ್ಕೆ ಧಾರಾಳವಾಗಿ ಬಿಟ್ಟುಕೊಡಬಹುದು.

ಇನ್ನೊಂದನ್ನು ಮಾತ್ರ ಬಿಟ್ಟುಕೊಡಲಾರೆ. 1793ರಲ್ಲಿ ಆಲ್ಪ್ಸ್ ಬೆಟ್ಟಗಳ ಸವಾಯ್ ಪ್ರಾಂತ್ಯದಲ್ಲಿ, ತನ್ನೂರಿನ ಮೆಕ್ಕೆಜೋಳದ ಗಂಜಿ ಅಕಸ್ಮಾತ್ತಾಗಿ ತಟ್ಟೆಗೆ ಬಂದಾಗ ಹಿಗ್ಗಿ ಬರೆದ ‘ಹೇಸ್ಟಿ ಪುಡಿಂಗ್’ ಎಂಬ ಪದ್ಯ. ಪರದೇಶದಲ್ಲಿ ಮುದ್ದೆ ಕಂಡ ಮಂಡ್ಯದವನ ಸಂಭ್ರಮವೇ ಅದು.

ಸಂಜೆ ಮನೆಗೆ ಬಂದು, ಅವನು ಹೇಳಿದಂತೆ ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಸುರಿದು ತಿರುವಿದೆ. ಗಂಟು ಕಟ್ಟಿತು. ಮಗಳು ಹಾಲು ಹಾಕಿ ಹೇಗೋ ತಿಂದಳು. ಅಳಿಯ ಉಪ್ಪಿನಕಾಯಿ ಕೇಳಿದ.